ಬಣ್ಣದ ಗುಂಡು ಖರೀದಿ

ಮೂವತ್ತು ವರ್ಷದಿಂದ ಮುಂಬೈಯಲ್ಲಿ ಸಾಲದ ಅರ್ಜಿ ನೋಡುತ್ತಾ ಕೂತವನಿಗೆ ಪೇಂಟ್‌ಬಾಲ್ ಬಗ್ಗೆ ಬರೆಯಲು ಏನು ಅಧಿಕಾರ ಅಂತ ನೀವು ಕೇಳಬಹುದು. ಹೋದ ಬೇಸಿಗೆಯಲ್ಲಿ ಟೆಕ್ಸಾಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅವನು ಆಗಷ್ಟೇ ಯಾರಿಂದಲೋ ಒಂದು ಹಳೇ ಪೇಂಟ್‌ಬಾಲ್ ಬಂದೂಕು ಕೊಂಡಿದ್ದ. "ಬಂದೂಕ ಅನಬ್ಯಾಡಪ್ಪಾ, ಮಾರ್ಕರ್ ಅನ್ನು" ಅಂತ ತಿದ್ದಿದ. ಅದೂ ಸರಿಯೇ. ಮೊದಲು ಅದು ಕಡಿಯಬೇಕಾದ ಮರಕ್ಕೆ, ದನಕ್ಕೆ ದೂರದಿಂದಲೇ ಬಣ್ಣದ ಗುರುತು ಹಾಕುವ ಸಾಧನವಂತೆ. 1981ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ 12 ಜನ ಸೇರಿ ಅದನ್ನು ಆಟ ಮಾಡಿದರು.

ಗುಂಡು ಕೊಳ್ಳಲು ನಾನೂ ಜೊತೆಗೆ ಹೋದೆ. ಡಾಲರನ್ನು ರೂಪಾಯಿಗೆ ಗುಣಿಸುವ ಚಟ ಇದೆಯಲ್ಲ! ಆದರೆ ಇಲ್ಲಿ ನನ್ನ ಲೆಕ್ಕ ನಡೆಯಲಿಲ್ಲ. ದುಬಾರಿ ಗುಂಡೇ ಒಳ್ಳೆಯದು ಅನ್ನುವ ಹಾಗಿಲ್ಲ. ಪಂದ್ಯದವರು ಬಳಸುವ ದುಬಾರಿ ಗುಂಡಿನ ಸಿಪ್ಪೆ ತೆಳು, ತಗುಲಿದ ಕೂಡಲೇ ಒಡೆಯಲಿ ಅಂತ. ಹೊಸಬರ ಕೈಯಲ್ಲಿರುವ ಸಾದಾ ಮಾರ್ಕರ್ ಗುಂಡನ್ನು ಜೋರಾಗಿ ತಳ್ಳುತ್ತದೆ. ತೆಳು ಸಿಪ್ಪೆ ನಳಿಗೆಯೊಳಗೇ ಒಡೆದರೆ ಆಮೇಲಿನ ಗುಂಡೆಲ್ಲ ಅಡ್ಡಾದಿಡ್ಡಿ. ತೀರಾ ಅಗ್ಗದ್ದು ಎದುರಾಳಿಗೆ ಬಡಿದು ಒಡೆಯದೇ ಪುಟಿಯಬಹುದು. ನೋವಷ್ಟೇ, ಅಂಕ ಇಲ್ಲ. ನಡುವಿನದ್ದನ್ನೇ ಆರಿಸಿದೆವು. 2000ದ ಪೆಟ್ಟಿಗೆ ಬೇಡ, 500ರ ಚೀಲ ಸಾಕು ಅಂತ ನಾನು ಹಟ ಹಿಡಿದೆ. ಈ ಸರಕು ಕೂಡಿಟ್ಟರೆ ಬಡ್ಡಿ ಬರುವುದಿಲ್ಲ, ಕೆಡುತ್ತದೆ.

ಅಳತೆ 0.68 ಇಂಚು. ಮಕ್ಕಳಿಗೆ ಮೆಲ್ಲಗೆ ಬಡಿಯುವ 0.50ರದ್ದೂ ಇದೆ, ಆದರೆ ಒಂದರ ಗುಂಡು ಇನ್ನೊಂದಕ್ಕೆ ನಡೆಯದು. 0.68ರಲ್ಲೂ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಅದಕ್ಕೆ ಮಗ ನಳಿಗೆ ಬಿಚ್ಚಿ ಹೊರಗಿಟ್ಟುಕೊಂಡು ಅದರಲ್ಲಿ ಒಂದು ಗುಂಡು ಹಾಕಿದ. ತಾನಾಗಿ ಉರುಳಿ ಹೋದರೆ ಸಡಿಲ, ಊದಿದರೂ ಅಲುಗದಿದ್ದರೆ ಬಿಗಿ. ನಿಂತು, ಊದಿದಾಗ ಹೊರಬಂದರೆ ಸರಿ. ಆಮೇಲೆ ಒಂದು ಹಿಡಿ ಮೇಜಿನ ಮೇಲೆ ಉರುಳಿಸಿ ನೋಡಿದೆವು. ತಗ್ಗು ಬಿದ್ದದ್ದು, ಅಂಟುವುದು, ಊದಿಕೊಂಡದ್ದು ಬೇಡ.

ನಮ್ಮವಳ ಪ್ರಶ್ನೆ ಬೇರೆ. "ಮ್ಯಾಲಿನ ಸಿಪ್ಪಿ ಯಾತರದ್ದೋ?" ಜಿಲೆಟಿನ್ ಅಂದ. ದನದ್ದೋ ಹಂದಿಯದ್ದೋ, ಚರ್ಮ ಎಲುಬಿನಿಂದ ತೆಗೆಯುವಂಥದ್ದು. ಒಳಗೆ ನೀರಲ್ಲಿ ತೊಳೆದುಹೋಗುವ ಬಣ್ಣ. "ಅವ್ವಾ, ನಿನ್ನ ವಿಟಮಿನ್ ಗುಳಿಗಿ ಸಿಪ್ಪಿನೂ ಅದ ಇರಬೇಕು" ಅಂದುಬಿಟ್ಟ. ಅವತ್ತು ಮುಚ್ಚಿದ ಆ ಡಬ್ಬಿ ಇನ್ನೂ ತೆಗೆದಿಲ್ಲ.

ಚೀಲವನ್ನು ಕಾರಿನ ಡಿಕ್ಕಿಯಲ್ಲೇ ಬಿಡುವವನಿದ್ದ. ಆ ಬಿಸಿಲಿಗೆ ಜಿಲೆಟಿನ್ ಮೆತ್ತಗಾಗುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮುಂಬೈ ಮಳೆಗಾಲದಲ್ಲಿ ಹಪ್ಪಳ ಕಾಯ್ದುಕೊಂಡವರಿಗೆ ತೇವದ ಬಗ್ಗೆ ನಾನು ಹೇಳಬೇಕಿಲ್ಲ. ಮನೆಯೊಳಗೆ, ಒಣಗಿದ ತಂಪು ಜಾಗದಲ್ಲಿ ಇಡಿಸಿದೆ. ಫ್ರೀಜರ್‌ನಲ್ಲಿ ಮಾತ್ರ ಅಲ್ಲ. ಸಿಪ್ಪೆ ಪೆಡಸಾಗುತ್ತದೆ, ಗಟ್ಟಿ ಗುಂಡು ಮೈಗೆ ಅಪಾಯ. ನೆಲಕ್ಕೆ ಬಿದ್ದದ್ದನ್ನು ಒರೆಸಿ ಮತ್ತೆ ತುಂಬುವ ನಮ್ಮ ಮಿತವ್ಯಯವೂ ಇಲ್ಲಿ ಸಲ್ಲ. ಮಣ್ಣು ನಳಿಗೆ ಸೇರುತ್ತದೆ. ಇನ್ನು, ಎಷ್ಟೋ ಮೈದಾನದವರು ಹೊರಗಿನ ಗುಂಡು ಒಳಗೆ ಬಿಡುವುದಿಲ್ಲ. ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿದ್ದೆವು.

ಉಳಿದ ದುಡ್ಡಿಗೆ ಒಳ್ಳೆಯ ಮಾಸ್ಕ್ ಕೊಡಿಸಿದೆ. ಇದರಲ್ಲಿ ಮಾತ್ರ ಚೌಕಾಸಿ ಮಾಡಲಿಲ್ಲ. ಗುಂಡಿನ ವೇಗ ಸೆಕೆಂಡಿಗೆ 280 ಅಡಿಯ ಆಸುಪಾಸು. ಕಣ್ಣಿಗೆ ಬಿದ್ದರೆ ಕಣ್ಣು ಹೋದಂತೆಯೇ. ಈಜುವ ಕನ್ನಡಕ, ಬೈಕಿನ ಕನ್ನಡಕ ಯಾವುದೂ ನಡೆಯುವುದಿಲ್ಲ. ಆ ಆಟಕ್ಕೇ ಮಾಡಿದ ಮಾಸ್ಕ್ ಬೇಕು, ಮೈದಾನದಲ್ಲಿರುವಷ್ಟು ಹೊತ್ತೂ ತೆಗೆಯಬಾರದು. "ಬೆವರು ಬಂದರೂ ತಗೀಬ್ಯಾಡ" ಅಂತ ಮೂರು ಸಲ ಹೇಳಿಸಿಕೊಂಡು ಹೋದ.

ಸಂಜೆ ಬಂದಾಗ ಚೀಲದಲ್ಲಿ ಅರ್ಧ ಉಳಿದಿತ್ತು. ಅಂಗಿಯ ಹಳದಿ ಬಣ್ಣ ಒಂದೇ ಒಗೆತಕ್ಕೆ ಹೋಯಿತು. ಬಲತೋಳಿನ ಮೇಲೆ ಮಾತ್ರ ರೂಪಾಯಿ ನಾಣ್ಯದಗಲ ನೀಲಿಗಟ್ಟಿತ್ತು. "ಅವ್ವಗ ಹೇಳಬ್ಯಾಡಪ್ಪಾ" ಅಂದ. ಆ ಸೆಖೆಯಲ್ಲೂ ನಾಲ್ಕು ದಿನ ತುಂಬುತೋಳಿನ ಅಂಗಿ ಹಾಕಿಕೊಂಡು ಓಡಾಡಿದ.