ರಿಪೇರಿ ಸಾಕು, ಹೊಸದಾಗಿ ಕಟ್ಟೋಣ

ನಮ್ಮ ಲ್ಯಾಬ್ ಸರ್ವರ್ ಕಥೆ ಎಲ್ಲರಿಗೂ ಗೊತ್ತಿರೋದೇ. ಲಾಗಿನ್ ಆಗೋಕೆ ಐದು ನಿಮಿಷ, ಕರೆಂಟ್ ಹೋಗಿ ಬಂದ್ರೆ ದೇವರೇ ಗತಿ. ಯಾರಾದ್ರೂ ಸೀನಿಯರ್ ಬಂದು ಏನೋ ಒಂದು ಕಮಾಂಡ್ ಹೊಡೆದು ಎಬ್ಬಿಸ್ತಿದ್ರು, ವಾರದೊಳಗೆ ಮತ್ತೆ ಅದೇ ರಾಮಾಯಣ. ಈ ಸೆಮಿಸ್ಟರ್ ಅದನ್ನು ನೋಡಿಕೊಳ್ಳೋ ಕೆಲಸ ನಮ್ಮ ನಾಲ್ಕು ಜನರ ಗುಂಪಿಗೆ ಬಂತು.

ಒಳಗೆ ನೋಡಿದ್ರೆ ಸೆಂಟ್‌ಓಎಸ್ 7. ಅದರ ಸಪೋರ್ಟ್ 2024ರ ಜೂನ್ 30ಕ್ಕೇ ಮುಗಿದಿದೆ, ಹೊಸ ಸೆಕ್ಯುರಿಟಿ ಪ್ಯಾಚ್ ಬರೋದಿಲ್ಲ. ಅದರ ಮೇಲೆ ಮೂರು ಪೈಥಾನ್ ವರ್ಷನ್‌ಗಳು, ಯಾರು ಹಾಕಿದ್ದು ಅಂತ ಯಾರಿಗೂ ಗೊತ್ತಿಲ್ಲದ ಸ್ಕ್ರಿಪ್ಟ್‌ಗಳು. ಪ್ರತಿ ಬ್ಯಾಚ್ ತನಗೆ ಬೇಕಾದ್ದನ್ನು ಕೈಯಿಂದ ಬದಲಾಯಿಸಿದೆ, ಯಾರೂ ಬರೆದಿಟ್ಟಿಲ್ಲ. ಇದಕ್ಕೆ ಕಾನ್ಫಿಗರೇಶನ್ ಡ್ರಿಫ್ಟ್ ಅಂತಾರೆ. ತಲೆಮಾರಿಗೊಂದು ಕೋಣೆ ಸೇರಿಸಿದ ಹಳೇ ಮನೆ ಇದ್ದ ಹಾಗೆ, ಯಾವ ಗೋಡೆ ಒಡೆದ್ರೆ ಯಾವ ಮಾಡು ಬೀಳುತ್ತೋ ಹೇಳೋಕಾಗಲ್ಲ. ಹಾಗಾಗಿ ರಿಪೇರಿ ಬೇಡ, ಪೂರ್ತಿ ಅಳಿಸಿ ಹೊಸದಾಗಿ ಕಟ್ಟೋಣ ಅಂತ ತೀರ್ಮಾನಿಸಿದೆವು.

ಲ್ಯಾಬಿನ ಅಟೆಂಡರ್ ಅಣ್ಣ ಮಾತ್ರ ಒಪ್ಪಲಿಲ್ಲ. "ಹಿಂದಿನೋರ ಪ್ರಾಜೆಕ್ಟೆಲ್ಲಾ ಅದ್ರಲ್ಲೇ ಐತೆ. ಅಳಿಸೋ ಮುಂಚೆ ಸರಿಯಾಗಿ ನೋಡ್ರಪ್ಪಾ" ಅಂದ್ರು. ಬ್ಯಾಕಪ್ ಇದೆಯಲ್ಲ ಅಂತ ಸಮಾಧಾನ ಹೇಳಿದೆವು. ಆದ್ರೂ ಅವರ ಮಾತಿಗೆ ಬೆಲೆ ಕೊಟ್ಟು ಬ್ಯಾಕಪ್ ತೆಗೆದು ನೋಡಿದೆವು.

ಪ್ರತಿ ರಾತ್ರಿ ಎರಡು ಗಂಟೆಗೆ ಒಂದು ಕ್ರಾನ್ ಜಾಬ್ ಎಲ್ಲರ ಫೋಲ್ಡರ್‌ಗಳನ್ನು ಎರಡನೇ ಡಿಸ್ಕಿಗೆ ಕಾಪಿ ಮಾಡಬೇಕಿತ್ತು. ಆ ಡಿಸ್ಕ್ ತುಂಬಿ ತಿಂಗಳುಗಳೇ ಆಗಿದ್ದವು. ಅಲ್ಲಿಂದೀಚೆಗಿನ ಒಂದೇ ಒಂದು ಪ್ರಾಜೆಕ್ಟೂ ಅದರಲ್ಲಿಲ್ಲ. ಕ್ರಾನ್ ಪಾಪ, ದಿನಾ ಎರರ್ ಮೇಲ್ ಕಳಿಸಿದೆ. ರೂಟ್‌ನ ಮೇಲ್‌ಬಾಕ್ಸಿನಲ್ಲಿ ರಾಶಿ ಬಿದ್ದಿತ್ತು, ಓದೋರೇ ಇರಲಿಲ್ಲ. ಫೈನಲ್ ಇಯರ್ ಅಕ್ಕಂದಿರ, ಅಣ್ಣಂದಿರ ವರ್ಷದ ದುಡಿಮೆ ಆ ಒಂದೇ ಹಳೇ ಡಿಸ್ಕಿನ ಮೇಲೆ ನಿಂತಿತ್ತು.

ಆಮೇಲೆ ಅವಸರ ಮಾಡಲಿಲ್ಲ. ಹೋಮ್ ಫೋಲ್ಡರ್‌ಗಳು, ಡೇಟಾಬೇಸ್ ಡಂಪ್, ಇಟಿಸಿ ಡೈರೆಕ್ಟರಿ, ಕ್ರಾನ್ ಪಟ್ಟಿ ಎಲ್ಲವನ್ನೂ ಹೊಸ ಡಿಸ್ಕಿಗೆ ಕಾಪಿ ಮಾಡಿ, ಇನ್ನೊಂದು ಪಿಸಿಯಲ್ಲಿ ರಿಸ್ಟೋರ್ ಮಾಡಿ, ಫೈನಲ್ ಇಯರ್‌ನವರನ್ನೇ ಕರೆದು ಅವರವರ ಪ್ರಾಜೆಕ್ಟ್ ಓಡಿಸಿ ನೋಡಿ ಅಂದೆವು. ಎಲ್ಲಾ ಓಡಿದ ಮೇಲೇ ಹಳೇದನ್ನು ಅಳಿಸಿದ್ದು.

ಹೊಸದರಲ್ಲಿ ಉಬುಂಟು 24.04 ಇದೆ. ಆದ್ರೆ ಈ ಸಲ ಯಾವ ಪ್ಯಾಕೇಜನ್ನೂ ಕೈಯಿಂದ ಹಾಕಲಿಲ್ಲ. ಏನೇನು ಇರಬೇಕು ಅಂತ ಆನ್ಸಿಬಲ್ ಪ್ಲೇಬುಕ್‌ನಲ್ಲಿ ಬರೆದೆವು. ಅದು ಎಸ್‌ಎಸ್‌ಎಚ್ ಮೂಲಕ ಹೋಗಿ, ಇಲ್ಲದ್ದನ್ನು ಹಾಕುತ್ತೆ, ಇರೋದನ್ನು ಮುಟ್ಟಲ್ಲ. ಎರಡನೇ ಸಲ ಓಡಿಸಿದಾಗ 'ಚೇಂಜ್ಡ್' ಎದುರಿಗೆ 0 ಬಂತು. ನಾಳೆ ಈ ಮೆಷಿನ್ ಸುಟ್ಟುಹೋದ್ರೂ ಅದೇ ಸರ್ವರನ್ನು ಬೇರೆ ಮೆಷಿನ್ನಿನಲ್ಲಿ ಎಬ್ಬಿಸಬಹುದು.

ಪ್ಲೇಬುಕ್‌ನ ಕಾಮೆಂಟ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇವೆ. ಇಂಗ್ಲಿಷ್ ಮೀಡಿಯಂನವರಾದ ನಮಗೆ ಒತ್ತಕ್ಷರ ಟೈಪ್ ಮಾಡೋದು ಯಾಮಲ್‌ನ ಸ್ಪೇಸ್‌ಗಳಿಗಿಂತ ಕಷ್ಟ ಆಯ್ತು. ಮೊದಲನೇ ಸಾಲು ಜೂನಿಯರ್‌ಗಳಿಗೆ: "ಸರ್ವರ್‌ನಲ್ಲಿ ಕೈಯಿಂದ ಏನೂ ಬದಲಾಯಿಸಬೇಡಿ, ಇಲ್ಲಿ ಬರೀರಿ. ತಿಂಗಳಿಗೊಂದು ಸಲ ಬ್ಯಾಕಪ್‌ನಿಂದ ಒಂದು ಫೈಲ್ ವಾಪಸ್ ತೆಗೆದು ನೋಡಿ."