ಬಾಗಿಲು ಹಾಕಿಕೊಂಡ ಹುಳು

ನಂಗೆ ಈಜು ಬರಲ್ಲ. ಆದರೂ ಕಳೆದ ಜನವರಿಯಲ್ಲಿ ಅಂಡಮಾನ್‌ನ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೇ ಹ್ಯಾವ್‌ಲಾಕ್‌ಗೆ ಹೋದಾಗ, ಗೆಳೆಯರ ಒತ್ತಾಯಕ್ಕೆ ಸ್ಕೂಬಾ ಡೈವಿಂಗ್‌ಗೆ ಒಪ್ಪಿಕೊಂಡೆ. ಇನ್‌ಸ್ಟ್ರಕ್ಟರ್ ದಡದಲ್ಲೇ ಎರಡು ಮಾತು ಹೇಳಿದ್ದರು: ಉಸಿರು ಬಿಗಿ ಹಿಡಿಯಬೇಡಿ, ಹವಳ ಮುಟ್ಟಬೇಡಿ.

ಆರೇಳು ಮೀಟರ್ ಆಳದಲ್ಲಿ ಬಂಡೆಯಂಥ ಹವಳ. ಅದರ ಮೇಲೆಲ್ಲ ಹೆಬ್ಬೆರಳಿಗಿಂತ ಚಿಕ್ಕ ಮರಗಳು, ಜೋಡಿ ಜೋಡಿಯಾಗಿ! ನೀಲಿ, ಹಳದಿ, ಕೇಸರಿ. ಹತ್ತಿರ ಹೋಗಿ ನನ್ನ ನೆರಳು ಬಿದ್ದದ್ದೇ ತಡ, ಎಲ್ಲ ಒಮ್ಮೆಗೇ ಮಾಯ. ಬೆಚ್ಚಿಬಿದ್ದೆ. ಮಾಸ್ಕ್‌ಗೆ ನೀರು ನುಗ್ಗಿತು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆ. ಸಿಕ್ಕಿದ್ದು ಅದೇ ಹವಳ. ಇನ್‌ಸ್ಟ್ರಕ್ಟರ್ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ದೋಣಿಯಲ್ಲಿ ಅವರು ಬೈಯಲಿಲ್ಲ, ವಿವರಿಸಿದರು. ಅದು ಕ್ರಿಸ್‌ಮಸ್ ಟ್ರೀ ವರ್ಮ್ ಅನ್ನೋ ಹುಳು. ಎರಡು 'ಮರ'ಗಳೂ ಒಂದೇ ಹುಳುವಿನ ತಲೆಯ ಗರಿಗಳು. ಉಸಿರಾಡೋದೂ ಅದರಲ್ಲೇ, ತೇಲಿಬರುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನೋದೂ ಅದರಲ್ಲೇ. ಉಳಿದ ಮೈಯೆಲ್ಲ ಒಳಗಿನ ಕೊಳವೆಯಲ್ಲಿ. ಮರಿ ಕೆಲವು ದಿನ ನೀರಲ್ಲಿ ತೇಲಿ, ಜೀವಂತ ಹವಳದ ಮೇಲೆ ಜಾಗ ಹಿಡಿದು ಸುಣ್ಣದ ಕೊಳವೆ ಕಟ್ಟಿಕೊಳ್ಳುತ್ತೆ. ಹವಳ ಸುತ್ತಲೂ ಬೆಳೆದಂತೆ ಹುಳು ಕೊಳವೆಯನ್ನು ಉದ್ದ ಮಾಡುತ್ತಾ ಹೋಗುತ್ತೆ. ಅಪಾಯ ಬಂದರೆ ಗರಿ ಒಳಗೆಳೆದು, ಬಾಗಿಲಿನಂಥ ಮುಚ್ಚಳ ಹಾಕಿಕೊಳ್ಳುತ್ತೆ. ಒಮ್ಮೆ ನೆಲೆ ನಿಂತ ಮೇಲೆ ಮನೆ ಬದಲಿಸೋ ಮಾತೇ ಇಲ್ಲ.

ಕೆಲವು ಹುಳುಗಳು 30 ವರ್ಷ ದಾಟಿಯೂ ಬದುಕುತ್ತವಂತೆ. ನನ್ನ ವಯಸ್ಸು! ಬೆಂಗಳೂರಲ್ಲೇ ನಾನು ಐದು ಬಾಡಿಗೆ ಮನೆ ಬದಲಿಸಿದ್ದೀನಿ. ಅದಕ್ಕೆ ಆ ಹವಳ ಬಿಟ್ಟರೆ ಬೇರೆ ವಿಳಾಸವಿಲ್ಲ. ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯೋದು ಸುಮಾರು 1 ಸೆಂಟಿಮೀಟರ್. ಅದರ ಮೇಲಿನ ತೆಳು ಪದರವೇ ಜೀವ. ನಾನು ಕಲ್ಲು ಅಂದುಕೊಂಡು ಉಗುರೂರಿದ್ದು ಅಲ್ಲಿಗೇ. ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಮತ್ತೆ ಇಳಿದೆ, ಈ ಸಲ ಕೈಗಳನ್ನು ಎದೆಗೆ ಕಟ್ಟಿಕೊಂಡು. ದೂರದಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಒಂದು ಮುಚ್ಚಳ ಸರಿಯಿತು, ನೀಲಿ ಗರಿ ನಿಧಾನಕ್ಕೆ ಬಿಚ್ಚಿಕೊಂಡಿತು. ಫೋಟೋ ಚೆನ್ನಾಗಿ ಬರಲಿಲ್ಲ, ಹತ್ತಿರ ಹೋಗಲಿಲ್ಲವಲ್ಲ.

ನೀವು ಹೋಗೋದಾದ್ರೆ, ಮೊದಲು ಸ್ವಿಮ್ಮಿಂಗ್ ಪೂಲ್‌ನಲ್ಲಿ ಮಾಸ್ಕ್‌ನಿಂದ ನೀರು ತೆಗೆಯೋದನ್ನು ಕಲಿತುಕೊಳ್ಳಿ. ನಿಮಗೂ ಒಳ್ಳೇದು, ಆ ಹುಳುವಿಗೂ.