ತುಕ್ಕು ಮತ್ತು ಹೊಳಪು

ಕಬ್ಬಿಣವನ್ನು ತಿನ್ನುವುದು ಅದರಿಂದಲೇ ಹುಟ್ಟುವ ತುಕ್ಕು ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ತುಕ್ಕು ಮೊದಲು ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ, ಮಳೆಗಾಳಿಗಳಿಗೆ ಮೈಯೊಡ್ಡಿದ ಕಡೆ ಎಂದೇ ಬಹುಮಂದಿ ಹೇಳಿಯಾರು. ಹಳೆಯ ಕಾರೊಂದರ ಪಕ್ಕದ ಅಲಂಕಾರದ ಪಟ್ಟಿಯನ್ನು ಕಳಚಿದಾಗ ನಾನು ಕಂಡುದು ಇದಕ್ಕೆ ವಿರುದ್ಧವಾದ ಸಂಗತಿ.

ಹಿಂದಿನ ಕಾಲದ ಎಷ್ಟೋ ಕಾರುಗಳ ಎರಡು ಪಕ್ಕಗಳಲ್ಲಿಯೂ ಮುಂದಿನಿಂದ ಹಿಂದಿನವರೆಗೆ ಹೊಳೆಯುವ ಲೋಹದ ಪಟ್ಟಿಯೊಂದು ಹಾಯ್ದಿರುತ್ತಿತ್ತು. ಅದರಿಂದ ಕಾರಿನ ವೇಗ ಹೆಚ್ಚದು, ಬಲವೂ ಹೆಚ್ಚದು. ಸೀರೆಗೆ ಜರಿಯಂಚು ಇದ್ದಂತೆ ಅದೊಂದು ಶೋಭೆ ಮಾತ್ರ. ಉಪಾಧ್ಯಾಯರಾಗಿದ್ದ ನಮ್ಮ ತಂದೆಯವರು ತಮ್ಮ ಕಾರಿನ ಪಟ್ಟಿಯನ್ನು ಪ್ರತಿ ಭಾನುವಾರವೂ ತಾವೇ ಒರಸಿ ಹೊಳಪಿಸುತ್ತಿದ್ದರು. ನಮ್ಮ ಮನೆ ಇರುವುದು ಮಲ್ಪೆಯ ಸಮೀಪ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ; ಉಳಿದ ದಿನಗಳಲ್ಲಿ ಕಡಲಿನ ಉಪ್ಪುಗಾಳಿ. ಒಂದು ಬೇಸಗೆಯಲ್ಲಿ ಪಟ್ಟಿಯ ಕೆಳಗಂಚಿನ ಬಣ್ಣ ಸಣ್ಣ ಸಣ್ಣ ಗುಳ್ಳೆಗಳಾಗಿ ಎದ್ದಿತು.

ಟಿಂಕರಿಂಗ್ ಕೆಲಸದವನು ಬಂದು ನೋಡಿದ. ಆತ ತಂದೆಯವರ ಹಳೆಯ ಶಿಷ್ಯ. "ಗುಳ್ಳೆ ಎದ್ದಷ್ಟನ್ನು ಕೆರೆದು ಬಣ್ಣ ಕೊಟ್ಟರೆ ಸಾಲದೇನೋ? ಪಟ್ಟಿ ಬಗ್ಗಿದರೆ ಇಂಥದು ಮತ್ತೆ ಸಿಗುವುದಿಲ್ಲ" ಎಂದರು ತಂದೆಯವರು. ಅವರ ಅಳುಕಿಗೆ ಕಾರಣವಿತ್ತು. ಅಂಬಾಸಿಡರಿನಂಥ ಕಾರಿನ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಹಳೆಯ ಕಾರುಗಳ ಬಿಡಿಭಾಗ ದೊರೆಯುವುದು ಸುಲಭವಲ್ಲ. ಶಿಷ್ಯ ವಿನಯದಿಂದಲೇ ಹೇಳಿದ: "ಮಾಷ್ಟ್ರೇ, ಪಟ್ಟಿ ತೆಗೆಯದೆ ಬಣ್ಣ ಹೊಡೆದರೆ ಒಂದು ಮಳೆಗಾಲಕ್ಕೆ ಬಂದೀತು, ಎರಡನೆಯದಕ್ಕೆ ಬರಲಿಕ್ಕಿಲ್ಲ." ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತೆಗೆ, ನನ್ನೆದುರಿಗೇ ತೆಗೆ" ಎಂದರು.

ಪಟ್ಟಿ ತೆಗೆಯುವುದು ತಾಳ್ಮೆಯ ಕೆಲಸ. ಕೆಲವು ಕ್ಲಿಪ್ಪುಗಳು ಹೊರಗಿನಿಂದ ಒತ್ತಿ ಕೂರಿಸಿದವು. ಕೆಲವಕ್ಕೆ ಬಾಗಿಲಿನ ಒಳಗೆ ನಟ್ಟು ಇರುತ್ತದೆ. ಆದುದರಿಂದ ಬಾಗಿಲಿನ ಒಳಹಲಗೆಯನ್ನು ಮೊದಲು ಬಿಚ್ಚಬೇಕು. ಅವನು ಬಣ್ಣಕ್ಕೆ ಗೀರು ಬೀಳದಂತೆ ಟೇಪು ಅಂಟಿಸಿದ. ಸ್ಕ್ರೂಡ್ರೈವರನ್ನು ಮುಟ್ಟದೆ ತೆಳ್ಳಗಿನ ಮರದ ಬೆಣೆಯೊಂದನ್ನು ಹಿಡಿದ. ಎರಡು ಕ್ಲಿಪ್ಪುಗಳ ನಡುವೆ ಮೀಟಿದರೆ ಪಟ್ಟಿ ಬಾಗುತ್ತದೆ. ಆದುದರಿಂದ ಒಂದು ತುದಿಯಿಂದ ಆರಂಭಿಸಿ, ಕ್ಲಿಪ್ಪು ಇರುವಲ್ಲೇ ಬೆಣೆಯಿಟ್ಟು ಒಂದೊಂದನ್ನೇ ಸಡಿಲಿಸಿದ. ಒಂದು ಗಳಿಗೆಯಲ್ಲಿ ಪಟ್ಟಿ ನೆಟ್ಟಗೆ ಕೈಗೆ ಬಂದಿತು.

ಅದರ ಹಿಂದೆ ಕಂಡದ್ದು ಹಲವು ವರ್ಷಗಳ ಕೆಸರು, ಪ್ರತಿ ಕ್ಲಿಪ್ಪಿನ ತೂತಿನ ಸುತ್ತ ಕೆಂಪು ಪುಡಿ. ಎರಡು ಕಡೆ ತಗಡಿಗೇ ತೂತು ಬಿದ್ದಿತ್ತು. ಪಟ್ಟಿಯಾದರೋ ಹೊಸದರಂತೆ ಹೊಳೆಯುತ್ತಿತ್ತು.

ಹೀಗಾಗುವುದಕ್ಕೆ ಕಾರಣಗಳುಂಟು. ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಕೂಡಿದಾಗ ತುಕ್ಕಾಗುತ್ತದೆ. ಉಪ್ಪು ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಬಯಲಿನಲ್ಲಿರುವ ತಗಡು ಮಳೆ ನಿಂತೊಡನೆ ಒಣಗುತ್ತದೆ. ಪಟ್ಟಿಯ ಹಿಂದಿನ ಸಂದಿನಲ್ಲಿಯಾದರೋ ಧೂಳು ನೀರನ್ನು ಹೀರಿ ಹಿಡಿದಿಡುತ್ತದೆ; ಬಿಸಿಲು ಅಲ್ಲಿಗೆ ಇಳಿಯದು. ಇನ್ನೊಂದು ವಿಚಿತ್ರವೂ ಇದೆ. ಒದ್ದೆಯಾದ ಒಂದೇ ಲೋಹದಲ್ಲಿ ಗಾಳಿ ಚೆನ್ನಾಗಿ ತಾಗುವ ಭಾಗಕ್ಕಿಂತ, ಗಾಳಿ ಕಡಿಮೆಯಾದ ಇಕ್ಕಟ್ಟಿನ ಭಾಗವೇ ಹೆಚ್ಚಾಗಿ ಸವೆಯುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಮೇಲಿನ ಬಣ್ಣವನ್ನು ನೂಕಿ ಎಬ್ಬಿಸುತ್ತದೆ. ಗುಳ್ಳೆ ನಮಗೆ ಕಾಣುವ ಹೊತ್ತಿಗೆ ರೋಗ ಹಳೆಯದಾಗಿರುತ್ತದೆ.

ಚಿಕಿತ್ಸೆ ಸರಳವಾದರೂ ಅದರಲ್ಲಿ ಅಡ್ಡದಾರಿಯಿಲ್ಲ. ತಂತಿಯ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಬೆಳ್ಳಗಿನ ಲೋಹ ಕಾಣುವವರೆಗೆ ಉಜ್ಜಬೇಕು. ತೂತು ಬಿದ್ದ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ತುಕ್ಕಿನ ಮೇಲೆ ಪುಟ್ಟಿ ಮೆತ್ತುವುದು ಹುಣ್ಣಿನ ಮೇಲೆ ಗಂಧ ಬಳಿದಂತೆ. ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದರೆ ಅದು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡುತ್ತದೆ. ದೆಹಲಿಯ ಕಬ್ಬಿಣದ ಸ್ತಂಭ ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಮೈಮೇಲೆ ಇಂಥದೇ ಫಾಸ್ಫೇಟಿನ ತೆಳುಪದರವೊಂದು ಕಾವಲಾಗಿದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಪ್ರಾಚೀನರ ಕುಲುಮೆಗೂ ನಮ್ಮೂರ ಟಿಂಕರನ ಬಾಟಲಿಗೂ ಇಂಥ ನಂಟಿರುವುದು ಸೋಜಿಗವಲ್ಲವೆ? ಕಡಲ ಗಾಳಿಗೆ ಬರಿಯ ಲೋಹ ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆಂದು ಆತ ಅದೇ ದಿನ ಪ್ರೈಮರನ್ನೂ ಬಳಿದ. ಬಾಗಿಲುಗಳ ತಳದಲ್ಲಿ ನೀರು ಹರಿದುಹೋಗುವ ರಂಧ್ರಗಳು ಕಟ್ಟಿಕೊಂಡಿದ್ದವು, ಅವುಗಳನ್ನೂ ಬಿಡಿಸಿದ.

ಬಣ್ಣ ಒಣಗಿದ ಮೇಲೆ ಪಟ್ಟಿಯನ್ನು ಮತ್ತೆ ಹಾಕಬೇಕೆ ಎಂಬ ಪ್ರಶ್ನೆ ಬಂದಿತು. ತೂತುಗಳನ್ನೆಲ್ಲ ಮುಚ್ಚಿ ಪಟ್ಟಿಯನ್ನು ಅಟ್ಟಕ್ಕೆ ಸೇರಿಸುವುದು ಕ್ಷೇಮವೆಂದು ನನಗೆ ತೋರಿತು. ತಂದೆಯವರು ಒಪ್ಪಲಿಲ್ಲ. "ಪಟ್ಟಿಯದೇನು ತಪ್ಪು? ಹಿಂದೆ ನೋಡುವವರು ಇರಲಿಲ್ಲ, ಅಷ್ಟೆ" ಎಂದರು. ತೂತುಗಳ ಅಂಚಿಗೆ ಬಣ್ಣ ಕೊಟ್ಟು, ಹೊಸ ಪ್ಲಾಸ್ಟಿಕ್ ಕ್ಲಿಪ್ಪುಗಳಿಗೆ ಮೇಣ ಸವರಿ, ಕೆಳಗಂಚಿನಲ್ಲಿ ನೀರಿಳಿಯಲು ಎಡೆಬಿಟ್ಟು ಪಟ್ಟಿಯನ್ನು ಕೂರಿಸಲಾಯಿತು.

ಅಲಂಕಾರ ಬೇಡವೆಂದು ಯಾರೂ ಹೇಳಲಾರರು. ಚೆಲುವನ್ನು ಬಯಸುವುದು ಮನುಷ್ಯನ ಸಹಜ ಗುಣ. ಆದರೆ ನಾವು ದಿನವೂ ಒರಸಿ ಬೆಳಗುವುದು ನಾಲ್ವರಿಗೆ ಕಾಣುವ ಭಾಗವನ್ನು. ಗೋಡೆಗೆ ಒತ್ತಿ ನಿಲ್ಲಿಸಿದ ಕಪಾಟಿನ ಬೆನ್ನಿಗೂ, ಮನೆಯ ಮಾಡಿನ ತೊಲೆಗೂ, ಒಂದು ಸಂಸ್ಥೆಯ ಲೆಕ್ಕಪತ್ರಕ್ಕೂ ಈ ಮಾತು ಸಲ್ಲುತ್ತದೆ. ಬೆಳಕೂ ಗಾಳಿಯೂ ತಾಗದ ಎಡೆಯನ್ನು ಆಗಾಗ ತೆರೆದು ನೋಡುವವನೇ ಹೊರಗಿನ ಹೊಳಪನ್ನೂ ಬಹುಕಾಲ ಉಳಿಸಿಕೊಳ್ಳಬಲ್ಲನು.